ಸೀಟು ಏರಿಸಿದರೆ ಸಾಲದು: ಆರೂವರೆ ಅಡಿ ಎತ್ತರದವರಿಗೆ ಸೈಕಲ್ಲು, ಬಟ್ಟೆ

ಪ್ರಶ್ನೆ: ನನ್ನ ಎತ್ತರ 6 ಅಡಿ 5 ಇಂಚು, ತೂಕ 96 ಕೆ.ಜಿ. ಜೆ.ಪಿ. ನಗರದಿಂದ ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗೆ ವಾರದಲ್ಲಿ ಮೂರ್ನಾಲ್ಕು ದಿನ ಸೈಕಲ್ಲಿನಲ್ಲೇ ಹೋಗುತ್ತೇನೆ. ಸೈಕಲ್ಲು ಹೈಬ್ರಿಡ್, 'ಎಲ್' ಸೈಜು. ಕೊಳ್ಳುವಾಗ ಅಂಗಡಿಯವರು ಸೀಟು ಪೂರ್ತಿ ಏರಿಸಿ 'ಸರಿಹೋಗುತ್ತೆ ಸಾರ್' ಅಂದಿದ್ದರು. ಅರ್ಧ ಗಂಟೆ ತುಳಿಯುವಷ್ಟರಲ್ಲಿ ಅಂಗೈ ಜೋಮು ಹಿಡಿಯುತ್ತದೆ, ಕತ್ತು ಸೆಳೆಯುತ್ತದೆ, ಫ್ಲೈಓವರ್ ಏರುವಾಗ ಮುಂದಿನ ಚಕ್ರ ನೆಲ ಬಿಡುವ ಹಾಗಾಗುತ್ತದೆ. ವಿಚಿತ್ರವೆಂದರೆ, ಅರಸೀಕೆರೆ ಹತ್ತಿರದ ನಮ್ಮೂರಲ್ಲಿ ತಾತನ ಕಾಲದ 24 ಇಂಚಿನ ಕರಿ ಸೈಕಲ್ಲು ಹತ್ತಿದರೆ ಇದ್ಯಾವುದೂ ಇಲ್ಲ. ಉದ್ದ ಕ್ರ್ಯಾಂಕ್ (ಪೆಡಲ್ ಹಿಡಿದಿರುವ ತೋಳು) ಹಾಕಿಸು ಅಂತ ಕೆಲವರು, ವಿದೇಶದಿಂದ ತರಿಸು ಅಂತ ಇನ್ನು ಕೆಲವರು ಹೇಳುತ್ತಾರೆ. ಬಟ್ಟೆಯದೂ ಇದೇ ಗೋಳು: ಜೆರ್ಸಿ ಹೊಕ್ಕುಳ ದಾಟುವುದಿಲ್ಲ, ಮಳೆ ಪ್ಯಾಂಟು ಮೀನಖಂಡಕ್ಕೇ ನಿಲ್ಲುತ್ತದೆ. ಏನು ಮಾಡಲಿ?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ತಾತನ ಸೈಕಲ್ಲಿನ ಮೇಲೆ ನಿಮಗೆ ನೋವಿಲ್ಲ ಅಂದಮೇಲೆ ತೊಂದರೆ ನಿಮ್ಮ ಕತ್ತಿನಲ್ಲೂ ಇಲ್ಲ, ಬೆನ್ನಿನಲ್ಲೂ ಇಲ್ಲ. ಮುಂದಿನ ಸಲ ಊರಿಗೆ ಹೋದಾಗ ಟೇಪು ಹಿಡಿದು ಆ ಸೈಕಲ್ಲನ್ನು ಅಳೆದುಕೊಂಡು ಬನ್ನಿ. ಏನೇನು ಅಳೆಯಬೇಕು ಅಂತ ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು ನಿಮ್ಮ ಈಗಿನ ಸೈಕಲ್ಲಿನಲ್ಲಿ ಏನಾಗಿದೆ ಅಂತ ನೋಡೋಣ.

ಎತ್ತರದವರು ಅಂಗಡಿಗೆ ಹೋದರೆ ಎಲ್ಲರ ಕಣ್ಣೂ ಕಾಲಿನ ಮೇಲೆ. ಕಾಲು ಉದ್ದ, ಆದ್ದರಿಂದ ಸೀಟು ಮೇಲೆ. ಸೀಟು ಮೇಲೆ ಹೋದಮೇಲೆ ಕೆಲಸ ಮುಗಿಯಿತು ಅನ್ನುವ ಲೆಕ್ಕ. ಸೀಟಿನ ಎತ್ತರ ಸರಿಮಾಡುವುದು ಈ ವ್ಯವಹಾರದಲ್ಲಿ ತೀರಾ ಸುಲಭದ ಭಾಗ. ಕಷ್ಟವೆಲ್ಲ ಇರುವುದು ಹ್ಯಾಂಡಲ್ಲಿನಲ್ಲಿ. ಸೀಟನ್ನು ಹೊತ್ತ ಕಂಬವನ್ನು, ಅಂದರೆ ಸೀಟ್‌ಪೋಸ್ಟನ್ನು, ಒಂದು ಗೇಣು ಮೇಲೆಳೆಯಬಹುದು, ಹ್ಯಾಂಡಲ್ ಹಾಗೆ ಬರುವುದಿಲ್ಲ. ಅದರ ಎತ್ತರವನ್ನು ಬಹುಪಾಲು ಫ್ರೇಮೇ ನಿರ್ಧರಿಸಿಬಿಟ್ಟಿರುತ್ತದೆ.

ಲೆಕ್ಕ ಹಾಕಿಯೇ ನೋಡೋಣ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ದಪ್ಪ ರಟ್ಟಿನ ಪುಸ್ತಕವೊಂದನ್ನು ತೊಡೆಸಂದಿಗೆ, ಸೀಟು ಒತ್ತುವಷ್ಟೇ ಗಟ್ಟಿಯಾಗಿ ಒತ್ತಿಹಿಡಿದು, ಅದರ ಮೇಲಂಚಿನಿಂದ ನೆಲದವರೆಗೆ ಅಳೆಯಿರಿ. ಪ್ಯಾಂಟಿನ ಒಳ ಅಳತೆ ಇದಕ್ಕೆ ಬದಲಿಯಾಗದು. ಅದು ಸಾಮಾನ್ಯವಾಗಿ ಕೆಲವು ಸೆಂಟಿಮೀಟರು ಕಡಿಮೆ. ನಿಮ್ಮ ಎತ್ತರಕ್ಕೆ ಇದು 92ರಿಂದ 97 ಸೆಂ.ಮೀ. ನಡುವೆ ಎಲ್ಲಿ ಬೇಕಾದರೂ ಇರಬಹುದು. ಸದ್ಯಕ್ಕೆ 94 ಅಂದುಕೊಳ್ಳೋಣ. ಅದನ್ನು 0.883ರಿಂದ ಗುಣಿಸಿದರೆ 83 ಸೆಂ.ಮೀ. ಪೆಡಲ್ ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಮೈವರೆಗೆ, ಸೀಟಿನ ಕೊಳವೆಯ ಗುಂಟ, ಇರಬೇಕಾದ ದೂರ ಇದು. 1980ರ ದಶಕದಲ್ಲಿ ರೇಸ್ ಸವಾರ ಗ್ರೆಗ್ ಲೆಮಾಂಡ್ ಹೆಸರಿನ ಜೊತೆ ಪ್ರಸಿದ್ಧವಾದ ಈ ಸೂತ್ರ ಕೊನೆಯ ಮಾತೇನಲ್ಲ, ಆದರೆ ಶುರುಮಾಡಲು ಒಳ್ಳೆಯ ಜಾಗ. ಸರಿಯಿದೆಯೇ ಅಂತ ನೋಡಲು ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಕೆಳಗಿನ ತುದಿಗೆ ತಳ್ಳಿ: ಮೊಣಕಾಲು ನೇರವಾಗಬೇಕು, ಸೊಂಟ ಒಂದು ಕಡೆಗೆ ವಾಲಬಾರದು.

ಈಗ ನಿಮ್ಮ ಎಲ್ ಸೈಜಿನ ಫ್ರೇಮಿಗೆ ಬನ್ನಿ. ಅದರ ಸೀಟ್ ಟ್ಯೂಬು, ಅಂದರೆ ಸೀಟ್‌ಪೋಸ್ಟು ಇಳಿಯುವ ಫ್ರೇಮಿನ ಕೊಳವೆ, 52 ಸೆಂ.ಮೀ. ಇದೆ ಅಂದುಕೊಳ್ಳಿ. ಸೀಟಿನ ದಪ್ಪಕ್ಕೆ ಐದು ಸೆಂಟಿಮೀಟರು ಕಳೆದರೂ 26 ಸೆಂ.ಮೀ. ಸೀಟ್‌ಪೋಸ್ಟು ಹೊರಗೆ ನಿಂತಿರುತ್ತದೆ. ಸೈಕಲ್ಲಿನ ಜೊತೆ ಬರುವ ಪೋಸ್ಟಿನ ಉದ್ದ ಸಾಮಾನ್ಯವಾಗಿ 35 ಸೆಂ.ಮೀ. ಹಾಗಾದರೆ ಫ್ರೇಮಿನೊಳಗೆ ಉಳಿದದ್ದು 9. ಇವತ್ತೇ ಪೋಸ್ಟನ್ನು ಹೊರಗೆ ತೆಗೆದು, ಅದರ ಮೇಲೆ ಕೊರೆದಿರುವ 'ಇದಕ್ಕಿಂತ ಮೇಲೆ ಎಳೆಯಬೇಡಿ' ಗೆರೆ ಎಲ್ಲಿದೆ ನೋಡಿ. ಗೆರೆ ಒಳಗಿದ್ದರೂ ಸಾಲದು. ಪೋಸ್ಟಿನ ತುದಿ ಮೇಲಿನ ಅಡ್ಡ ಕೊಳವೆ ಬಂದು ಸೇರುವ ಜಾಗಕ್ಕಿಂತ ಕೆಳಗೆ ಇಳಿದಿರಬೇಕು. 96 ಕೆ.ಜಿ. ಭಾರ ಅಷ್ಟುದ್ದದ ಸನ್ನೆಯ ತುದಿಯಲ್ಲಿ ಕೂತು ಪ್ರತಿ ಹಂಪಿಗೂ ಫ್ರೇಮಿನ ಬಾಯನ್ನು ಸೀಳಲು ನೋಡುತ್ತಿರುತ್ತದೆ. ಆ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಆ ಫ್ರೇಮನ್ನು ಮತ್ತೆ ಹತ್ತಬೇಡಿ.

ಫ್ಲೈಓವರಿನಲ್ಲಿ ಮುಂಚಕ್ರ ಏಳುವುದಕ್ಕೂ ಕಾರಣ ಇಲ್ಲೇ ಇದೆ. ಸೀಟಿನ ಕೊಳವೆ ನೆಟ್ಟಗಿರುವುದಿಲ್ಲ, ಸುಮಾರು 73 ಡಿಗ್ರಿಯಲ್ಲಿ ಹಿಂದಕ್ಕೆ ವಾಲಿರುತ್ತದೆ. ಸೀಟನ್ನು 10 ಸೆಂ.ಮೀ. ಏರಿಸಿದರೆ ಅದು ಹತ್ತಿರಹತ್ತಿರ 3 ಸೆಂ.ಮೀ. ಹಿಂದಕ್ಕೂ ಸರಿಯುತ್ತದೆ. ಹಿಂಚಕ್ರದ ಅಚ್ಚು ಮಾತ್ರ ಇದ್ದಲ್ಲೇ ಇರುತ್ತದೆ. ಇದರಲ್ಲಿ ಕಂಪನಿಗಳ ಸೋಮಾರಿತನವೂ ಸೇರಿದೆ ಅನ್ನುವುದು ನನ್ನ ಅಭಿಪ್ರಾಯ: ಎಷ್ಟೋ ಮಾಡೆಲ್ಲುಗಳಲ್ಲಿ ಎಸ್ ಸೈಜಿನಿಂದ ಎಕ್ಸ್‌ಎಲ್‌ವರೆಗೆ ಹಿಂದಿನ ತ್ರಿಕೋನದ (ಹಿಂಚಕ್ರವನ್ನು ಹಿಡಿದಿರುವ ಫ್ರೇಮಿನ ಭಾಗದ) ಉದ್ದ ಬದಲಾಗುವುದೇ ಇಲ್ಲ. ಐದೂವರೆ ಅಡಿಯವರು ಎರಡು ಚಕ್ರಗಳ ನಡುವೆ ಕೂತರೆ ನೀವು ಹೆಚ್ಚುಕಡಿಮೆ ಕ್ಯಾರಿಯರಿನ ಮೇಲೇ ಕೂತಿರುತ್ತೀರಿ. ಏರಿನಲ್ಲಿ ಭಾರವೆಲ್ಲ ಹಿಂಚಕ್ರದ ನೆತ್ತಿಗೆ ಬಂದಾಗ ಮುಂಚಕ್ರ ಹಗುರಾಗುವುದು ಸಹಜ.

ಇನ್ನು ಅಂಗೈ. ನಿಮ್ಮ ಸೀಟಿನ ನೆತ್ತಿ ಪೆಡಲ್ ಅಚ್ಚಿನಿಂದ ನೆಟ್ಟಗೆ ಅಳೆದರೆ ಸುಮಾರು 79 ಸೆಂ.ಮೀ. ಮೇಲಿದೆ. ಫ್ರೇಮಿನ ಮುಂಭಾಗದ ಎತ್ತರಕ್ಕೆ ಸ್ಟ್ಯಾಕ್ ಅನ್ನುತ್ತಾರೆ. ಅದೇ ಪೆಡಲ್ ಅಚ್ಚಿನಿಂದ ಹ್ಯಾಂಡಲ್ ಕೊಳವೆಯ ಬಾಯಿಯವರೆಗೆ ನೆಟ್ಟಗಿನ ಅಳತೆ ಅದು. ನಿಮ್ಮ ಫ್ರೇಮಿನಲ್ಲಿ ಸ್ಟ್ಯಾಕ್ 59 ಸೆಂ.ಮೀ. ಇದ್ದರೆ, ಮೇಲೆ ಸ್ಪೇಸರ್ ಉಂಗುರ, ಹ್ಯಾಂಡಲ್ ಹಿಡಿಯುವ ಸ್ಟೆಮ್, ಹ್ಯಾಂಡಲ್ ಬಾಗು ಎಲ್ಲ ಸೇರಿ ಇನ್ನೊಂದು ಹತ್ತು ಸೆಂ.ಮೀ. ಗಿಟ್ಟಿಸಿದರೂ ಕೈಹಿಡಿ 69ಕ್ಕೆ ನಿಲ್ಲುತ್ತದೆ. ಅಂದರೆ ನಿಮ್ಮ ಅಂಗೈ ಸೀಟಿಗಿಂತ 10 ಸೆಂ.ಮೀ. ಕೆಳಗೆ. ರೇಸಿನವರಿಗೆ ಇದು ರೂಢಿ. ಲ್ಯಾಪ್‌ಟಾಪ್ ಚೀಲ ಹೊತ್ತು ಕಚೇರಿಗೆ ಹೋಗುವವರಿಗೆ ಶಿಕ್ಷೆ. ಮೈಭಾರ ಅಂಗೈ ಮೇಲೆ ಬೀಳುತ್ತದೆ, ಕಿರುಬೆರಳಿನ ಕಡೆಯ ನರ ಅದುಮಿ ಜೋಮು ಹಿಡಿಯುತ್ತದೆ. ಮೈ ಮುಂದಕ್ಕೆ ಬಾಗಿದ್ದರೂ ಕಣ್ಣು ರಸ್ತೆ ನೋಡಲೇಬೇಕಲ್ಲ, ಅದಕ್ಕೆ ಕತ್ತು ಹಿಂದಕ್ಕೆ ಮುರಿದುಕೊಂಡಿರುತ್ತದೆ. ಜೆಲ್ ಕೈಗವಸು, ಮೆತ್ತನೆ ಹಿಡಿ, ಇವೆಲ್ಲ ಮೂಲ ಬಿಟ್ಟು ರೆಂಬೆಗೆ ನೀರು ಹಾಕಿದಂತೆ.

ಈಗ ತಾತನ ಸೈಕಲ್ಲು. ಇಲ್ಲಿ 24 ಇಂಚು ಅಂದರೆ ಫ್ರೇಮಿನ ಅಳತೆ. ಇವತ್ತು ಮಕ್ಕಳ ಸೈಕಲ್ಲಿಗೆ ಹೇಳುವ 24 ಇಂಚು ಚಕ್ರದ ಅಳತೆ, ಎರಡನ್ನೂ ಕಲಸಿಕೊಳ್ಳಬೇಡಿ. 24 ಇಂಚೆಂದರೆ 61 ಸೆಂ.ಮೀ. ಸೀಟ್ ಟ್ಯೂಬು. ಇಂಗ್ಲೆಂಡಿನ ರ‍್ಯಾಲಿ ಕಂಪನಿಯ ರೋಡ್‌ಸ್ಟರ್ 22 ಮತ್ತು 24 ಇಂಚಿನಲ್ಲಿ ಬರುತ್ತಿತ್ತು. ಅದೇ ಅಚ್ಚಿನಲ್ಲಿ ನಮ್ಮ ಹೀರೊ, ಅಟ್ಲಾಸ್, ಹರ್ಕ್ಯುಲಿಸ್‌ಗಳು ತಲೆಮಾರುಗಟ್ಟಲೆ ಕರಿ ಸೈಕಲ್ಲು ಹೊರತಂದವು. ಹಾಲಿನ ಕ್ಯಾನು, ಹುಲ್ಲಿನ ಹೊರೆ, ಹಿಂದೆ ಹೆಂಡತಿ, ಮುಂದಿನ ಬಾರಿನ ಮೇಲೆ ಮಗು, ಎಲ್ಲವನ್ನೂ ಹೊರಲೆಂದೇ ಆದ ಸೈಕಲ್ಲು ಅದು. ಹಿಂಚಕ್ರಕ್ಕೆ 40 ಕಡ್ಡಿ, ಮುಂದಿನದಕ್ಕೆ 32. ಚಕ್ರ 28 ಇಂಚಿನದು, ರಿಮ್ಮಿನ ಅಳತೆ 635 ಮಿ.ಮೀ.; ಇವತ್ತಿನ ಹೈಬ್ರಿಡ್ಡಿನ 622ಕ್ಕಿಂತಲೂ ದೊಡ್ಡದು. ಅದರ ಸೀಟ್ ಟ್ಯೂಬು ಇನ್ನೂ ಹಿಂದಕ್ಕೆ ವಾಲಿದೆ, ಆದರೂ ಮುಂಚಕ್ರ ಏಳುವುದಿಲ್ಲ. ಯಾಕೆಂದರೆ ಹಿಂಚಕ್ರವನ್ನೂ ಅಷ್ಟೇ ಹಿಂದೆ ಇಟ್ಟಿದ್ದಾರೆ. ಹ್ಯಾಂಡಲ್ ಸೀಟಿನ ಮಟ್ಟಕ್ಕೋ ಅದಕ್ಕಿಂತ ತುಸು ಮೇಲಕ್ಕೋ ಬಂದು, ಕೈಯ ಕಡೆಗೆ ಬಾಗಿದೆ. ನೀವು ನೆಟ್ಟಗೆ ಕೂರುತ್ತೀರಿ, ಭಾರ ಕುಂಡೆಯ ಮೇಲೆ, ಕೈಗಳು ದಾರಿ ತೋರಿಸಲಷ್ಟೇ.

ಹಾಗಾದರೆ ಅದನ್ನೇ ಬೆಂಗಳೂರಿಗೆ ತಂದು ಓಡಿಸಲೇ ಅಂತ ಕೇಳುತ್ತೀರಿ. ಹತ್ತಿರದ ಓಡಾಟಕ್ಕಾದರೆ ಖಂಡಿತ. ಟೈರು, ಟ್ಯೂಬು ಈಗಲೂ ತಾಲ್ಲೂಕು ಕೇಂದ್ರದ ಅಂಗಡಿಯಲ್ಲೇ ಸಿಗುತ್ತದೆ. ದಿನದ ಹದಿನೈದು ಕಿಲೋಮೀಟರಿಗೆ ಮಾತ್ರ ನಾನು ಬೇಡ ಅನ್ನುತ್ತೇನೆ. ಸುಮಾರು 20 ಕೆ.ಜಿ. ತೂಕ, ಒಂದೇ ಗೇರು. ಅದಕ್ಕಿಂತ ಮುಖ್ಯವಾಗಿ, ಸರಳಿನ ಬ್ರೇಕಿನ ರಬ್ಬರು ಕ್ರೋಮ್ ಹೊಳಪಿನ ಉಕ್ಕಿನ ರಿಮ್ಮನ್ನು ಮಳೆಯಲ್ಲಿ ಹಿಡಿಯುವುದೇ ಇಲ್ಲ. ಬೊಮ್ಮನಹಳ್ಳಿ ಸಿಗ್ನಲ್ಲಿನಲ್ಲಿ ಮುಂದಿನ ಬಸ್ಸು ದಿಢೀರನೆ ನಿಂತರೆ ನಿಮ್ಮ 96 ಕೆ.ಜಿ. ನಿಲ್ಲಲು ಇನ್ನೆಷ್ಟು ದೂರ ಬೇಕು ಅಂತ ಯೋಚಿಸಿ.

ಅಳತೆಗೆ ಅದನ್ನು ಬಳಸಿಕೊಳ್ಳಿ. ಮೂರೇ ಮೂರು ಸಂಖ್ಯೆ ಸಾಕು: ಸೀಟಿನ ಮೂಗಿನಿಂದ ಕೈಹಿಡಿಯ ನಡುವಿನವರೆಗಿನ ದೂರ; ನೆಲದಿಂದ ಸೀಟಿನ ಎತ್ತರ; ನೆಲದಿಂದ ಕೈಹಿಡಿಯ ಎತ್ತರ. ಈಗಿನ ಹೈಬ್ರಿಡ್ಡಿನಲ್ಲೂ ಅದೇ ಮೂರನ್ನು ಅಳೆದು ಪಕ್ಕಪಕ್ಕ ಬರೆಯಿರಿ. ಎರಡರ ನಡುವಿನ ವ್ಯತ್ಯಾಸವೇ ನಿಮ್ಮ ನೋವಿನ ಅಳತೆ. ಹೊಸ ಸೈಕಲ್ಲಿನಲ್ಲಿ ತಾತನದರಷ್ಟು ನೆಟ್ಟಗೆ ಕೂರಬೇಕಿಲ್ಲ, ಏರಿಗೆ, ಎದುರುಗಾಳಿಗೆ ಸ್ವಲ್ಪ ಮುಂದೆ ಬಾಗುವುದೇ ಒಳ್ಳೆಯದು. ಎರಡರ ನಡುವೆ, ತಾತನ ಕಡೆಗೆ ಹತ್ತಿರವಾಗಿ, ನಿಮ್ಮ ಜಾಗ ಇರುತ್ತದೆ.

ಈಗಿನ ಸೈಕಲ್ಲನ್ನು ಎಷ್ಟರಮಟ್ಟಿಗೆ ಸರಿಮಾಡಬಹುದು? ನೇರ ತಲೆಯ, ಅಂದರೆ ಸೀಟನ್ನು ಹಿಂದಕ್ಕೆ ತಳ್ಳದ, 40 ಸೆಂ.ಮೀ. ಉದ್ದದ ಸೀಟ್‌ಪೋಸ್ಟು ಹಾಕಿಸಿ. ವ್ಯಾಸ 27.2, 30.9, 31.6 ಮಿ.ಮೀ. ಇವುಗಳಲ್ಲಿ ಯಾವುದು ಅಂತ ಹಳೆಯ ಪೋಸ್ಟಿನ ಮೇಲೇ ಬರೆದಿರುತ್ತದೆ. ಅರ್ಧ ಮಿಲಿಮೀಟರು ಹೆಚ್ಚುಕಮ್ಮಿಯಾದರೂ ಆಗದು. ಸೀಟನ್ನು ಕಂಬಿಯ ಮೇಲೆ ಮುಂದಕ್ಕೆ ಸರಿಸಿ. ಮೇಲ್ಮುಖವಾಗಿ ಏರುವ ಸ್ಟೆಮ್, 5 ಸೆಂ.ಮೀ. ಅಥವಾ ಹೆಚ್ಚು ಏರಿರುವ ಹ್ಯಾಂಡಲ್ ಬಾರು, ಇವೆರಡರಿಂದ ಕೈಹಿಡಿ ಗಣನೀಯವಾಗಿ ಮೇಲೆ ಬರುತ್ತದೆ. ಸ್ಟಿಯರರ್ ಕೊಳವೆಯನ್ನು (ಸ್ಟೆಮ್ ಕೂರುವ, ಫೋರ್ಕಿನ ಮೇಲ್ತುದಿಯ ಕೊಳವೆ) ಮೊದಲೇ ಕತ್ತರಿಸಿದ್ದರೆ ಮೇಲೆ ಸಿಕ್ಕಿಸುವ ಎಕ್ಸ್‌ಟೆಂಡರ್ ಸಿಗುತ್ತದೆ; ಲೋಹದ ಫೋರ್ಕಿಗೆ ಮಾತ್ರ, ಕಾರ್ಬನ್ನಿಗೆ ಬೇಡವೇ ಬೇಡ. ಹ್ಯಾಂಡಲ್ ಮೇಲೆ ಬಂದಾಗ ಬ್ರೇಕು, ಗೇರಿನ ಕೇಬಲ್ಲು ಗಿಡ್ಡವಾಗುತ್ತದೆ, ಅದನ್ನೂ ಬದಲಿಸಬೇಕು ಅಂತ ಮೆಕ್ಯಾನಿಕ್ಕಿಗೆ ಮುಂಚೆಯೇ ಹೇಳಿ. ಕೆಲವೇ ಸಾವಿರ ರೂಪಾಯಿಯಲ್ಲಿ ಜೋಮು ಬಹುಪಾಲು ಕಡಿಮೆಯಾಗಬೇಕು. ಮುಂಚಕ್ರ ಏಳುವುದು ಪೂರ್ತಿ ನಿಲ್ಲುವುದಿಲ್ಲ, ಅದು ಫ್ರೇಮಿನ ಹಣೆಬರಹ.

ಮುಂದಿನ ಸೈಕಲ್ಲು ಕೊಳ್ಳುವಾಗ ಸೈಜಿನ ಅಕ್ಷರ ನೋಡಬೇಡಿ. ಒಬ್ಬರ ಎಕ್ಸ್‌ಎಲ್ ಇನ್ನೊಬ್ಬರ ಎಲ್. ಕಂಪನಿಯ ಜಾಲತಾಣದಲ್ಲಿ ಜ್ಯಾಮಿತಿಯ ಕೋಷ್ಟಕ ಇರುತ್ತದೆ, ಅದನ್ನೇ ಓದಿ. ನಿಮಗೆ ಸ್ಟ್ಯಾಕ್ 65 ಸೆಂ.ಮೀ. ಹತ್ತಿರ ಅಥವಾ ಅದಕ್ಕೂ ಮೇಲೆ ಇರಬೇಕು. ಚೈನ್‌ಸ್ಟೇ, ಅಂದರೆ ಪೆಡಲ್ ಅಚ್ಚಿನಿಂದ ಹಿಂಚಕ್ರದ ಅಚ್ಚಿಗೆ ಹೋಗುವ ಕೊಳವೆ, 44 ಸೆಂ.ಮೀ.ಗಿಂತ ಕಡಿಮೆ ಬೇಡ, ಹೆಚ್ಚಿದ್ದಷ್ಟೂ ಒಳ್ಳೆಯದು. 12 ನಂಬರಿನ ಶೂ ಹಾಕುವವರ ಹಿಮ್ಮಡಿ ಕ್ಯಾರಿಯರಿನ ಪಕ್ಕದ ಚೀಲಕ್ಕೆ ಬಡಿಯದಿರಲೂ ಇದೇ ಬೇಕು. ದೂರಪ್ರಯಾಣಕ್ಕೆಂದೇ ಮಾಡಿದ ಟೂರಿಂಗ್ ಸೈಕಲ್ಲುಗಳು ಉದ್ದ ಕಾಲಿನವರಿಗೆ ತಾನಾಗಿ ಹೊಂದುವುದು ಈ ಕಾರಣಕ್ಕೆ. ಅಮೆರಿಕದ ಸರ್ಲಿ ಕಂಪನಿಯ ಡಿಸ್ಕ್ ಟ್ರಕ್ಕರ್‌ನಲ್ಲಿ ಚೈನ್‌ಸ್ಟೇ 46 ಸೆಂ.ಮೀ., ಫ್ರೇಮು 64 ಸೆಂ.ಮೀ.ವರೆಗೂ ಸಿಗುತ್ತದೆ. ಮುಂದೆ ಕಾಲ್ಬೆರಳು ಮಡ್‌ಗಾರ್ಡಿಗೆ ತಾಗುತ್ತದೆಯೇ ಅಂತಲೂ ಅಂಗಡಿಯಲ್ಲೇ ಹ್ಯಾಂಡಲ್ ತಿರುಗಿಸಿ ನೋಡಿಕೊಳ್ಳಿ. ನಿಧಾನದ ಟ್ರಾಫಿಕ್ಕಿನಲ್ಲಿ ತಿರುಗುವಾಗ ಬೀಳಿಸುವುದು ಅದೇ.

ಚಕ್ರದ ವಿಷಯದಲ್ಲಿ ರಾಜಿ ಬೇಡ. ಹಿಂದೆ 36 ಕಡ್ಡಿ ಇದ್ದರೆ ಒಳ್ಳೆಯದು, 32ಕ್ಕಿಂತ ಕಡಿಮೆ ಇದ್ದರೆ ಕೊಳ್ಳಬೇಡಿ. ಟೈರು 40 ಮಿ.ಮೀ. ಅಗಲ. ಕಂಪನಿ ಹೇಳುವ ಗರಿಷ್ಠ ತೂಕದಲ್ಲಿ ಸವಾರ ಮಾತ್ರವೋ, ಸೈಕಲ್ಲು ಮತ್ತು ಚೀಲವೂ ಸೇರಿದೆಯೋ ಅಂತ ಓದಿ ನೋಡಿ. ಬಹಳ ಕಡೆ ಎಲ್ಲ ಸೇರಿಯೇ ಲೆಕ್ಕ. ದೊಡ್ಡ ಫ್ರೇಮಿನ ಉದ್ದ ಕೊಳವೆಗಳು ಇಳಿಜಾರಿನ ವೇಗದಲ್ಲಿ ಕೆಲವೊಮ್ಮೆ ನಡುಗಲು ಶುರುಮಾಡುತ್ತವೆ. ಹ್ಯಾಂಡಲ್ ಬಿಗಿಹಿಡಿದರೆ ನಡುಕ ಹೆಚ್ಚುತ್ತದೆ. ಮೊಣಕಾಲನ್ನು ಮೇಲಿನ ಕೊಳವೆಗೆ ಒತ್ತಿ, ಸೀಟಿನಿಂದ ತುಸು ಎದ್ದು, ಮೆಲ್ಲಗೆ ಬ್ರೇಕು ಹಿಡಿಯಿರಿ.

ಎಲ್ಲಿ ಸಿಗುತ್ತದೆ ಅನ್ನುವುದೇ ದೊಡ್ಡ ತಲೆನೋವು. ನಮ್ಮ ದೇಶದ ಗಂಡಸರ ಸರಾಸರಿ ಎತ್ತರ ಐದೂವರೆ ಅಡಿಯ ಆಸುಪಾಸು. ಅಂಗಡಿಯವರು ಎಸ್, ಎಂ, ಎಲ್ ತರಿಸುತ್ತಾರೆ. ಅದಕ್ಕೂ ದೊಡ್ಡದು ಕ್ಯಾಟಲಾಗಿನಲ್ಲಿದ್ದರೂ ಗೋದಾಮಿಗೆ ಬಾರದು. ಅವರನ್ನು ದೂರಿ ಪ್ರಯೋಜನವಿಲ್ಲ, ಬಂಡವಾಳ ಹೂಡಿ ವರ್ಷಗಟ್ಟಲೆ ತೂಗುಹಾಕಿಕೊಂಡು ಯಾರು ಕೂರುತ್ತಾರೆ? ಇದರಲ್ಲೇ ನಿಮಗೊಂದು ಲಾಭವೂ ಇದೆ. ಅಪ್ಪಿತಪ್ಪಿ ಬಂದ ಎಕ್ಸ್‌ಎಲ್ ಮಾರಾಟವಾಗದೆ ಉಳಿದಿರುತ್ತದೆ. ಹೊಸ ಮಾಡೆಲ್ ಬರುವ ಹೊತ್ತಿಗೆ ಅದರ ಬೆಲೆಯಲ್ಲಿ ಧಾರಾಳವಾಗಿ ಚೌಕಾಸಿ ಮಾಡಬಹುದು. ಬೆಂಗಳೂರು ಬಿಟ್ಟು ಹೋಗುವ ವಿದೇಶಿ ಉದ್ಯೋಗಿಗಳು ಮಾರುವ ಸೈಕಲ್ಲುಗಳಲ್ಲೂ ದೊಡ್ಡ ಫ್ರೇಮು ಸಿಗುವುದುಂಟು. ಸೆಕೆಂಡ್‌ಹ್ಯಾಂಡ್ ಜಾಹೀರಾತಿನ ಮೇಲೆ ಕಣ್ಣಿಟ್ಟಿರಿ. ಹೊಸದನ್ನೇ ಕೊಳ್ಳುವುದಾದರೆ ದೊಡ್ಡ ಬ್ರ್ಯಾಂಡಿನ ಡೀಲರಿಗೆ ಮುಂಗಡ ಕೊಟ್ಟು ಮುಂದಿನ ಸರಕಿನಲ್ಲಿ ತರಿಸಲು ಹೇಳಿ, ಎರಡು-ಮೂರು ತಿಂಗಳು ಕಾಯುವ ತಾಳ್ಮೆ ಇರಲಿ. 2025ರ ಸೆಪ್ಟೆಂಬರಿನಲ್ಲಿ ಸೈಕಲ್ಲಿನ ಜಿಎಸ್‌ಟಿ 12ರಿಂದ 5 ಪ್ರತಿಶತಕ್ಕೆ ಇಳಿದಿದೆ, ಹಳೆಯ ಬೆಲೆಪಟ್ಟಿ ಹಿಡಿದು ಲೆಕ್ಕ ಹಾಕಬೇಡಿ.

ನೆದರ್ಲೆಂಡ್ಸಿನಲ್ಲಿ ಈ ಕಥೆ ತಲೆಕೆಳಗು. ಅಲ್ಲಿನ ಗಂಡಸರ ಸರಾಸರಿ ಎತ್ತರವೇ 183 ಸೆಂ.ಮೀ. ಇರುವುದರಿಂದ 61, 65 ಸೆಂ.ಮೀ. ಫ್ರೇಮು ಯಾವ ಅಂಗಡಿಯಲ್ಲೂ ಮಾಮೂಲಿ. ಐಂಡ್‌ಹೋವನ್ನಿನ ಕಂಪನಿಗಳಿಗೆ ಹೋಗುವ ನಮ್ಮ ಹುಡುಗರು ಅಲ್ಲಿ ಚಿಕ್ಕ ಸೈಜು ಹುಡುಕಿ ಸುಸ್ತಾಗುತ್ತಾರೆ. ಹಾಗಂತ ಅಲ್ಲಿಂದ ಹೊತ್ತು ತರಲು ಹೋಗಬೇಡಿ. ಡಚ್ ಸೈಕಲ್ಲು ಸಮತಟ್ಟು ನೆಲಕ್ಕೆ ಆದದ್ದು, ತೂಕದಲ್ಲಿ ತಾತನ ಸೈಕಲ್ಲಿನ ತಮ್ಮ. ವಿಮಾನದ ಬಾಡಿಗೆ, ಸುಂಕ ಸೇರಿಸಿದರೆ ಅಷ್ಟೇ ದುಡ್ಡಿನಲ್ಲಿ ಇಲ್ಲೇ ಅಳತೆ ಕೊಟ್ಟು ಸ್ಟೀಲ್ ಫ್ರೇಮು ಬೆಸೆಸಿಕೊಳ್ಳಬಹುದು. ಅಂಥ ಕೆಲಸಗಾರರು ನಮ್ಮ ದೇಶದಲ್ಲಿ ಬೆರಳೆಣಿಕೆಯಷ್ಟಿದ್ದಾರೆ, ಆದರೆ ಇದ್ದಾರೆ. ಕ್ಯಾಲಿಫೋರ್ನಿಯಾದ ಡರ್ಟಿಸಿಕ್ಸರ್ ಕಂಪನಿ 36 ಇಂಚಿನ ಚಕ್ರದ ಸೈಕಲ್ಲು ಮಾಡುತ್ತದೆ. 7 ಅಡಿ 1 ಇಂಚು ಎತ್ತರದ ಬ್ಯಾಸ್ಕೆಟ್‌ಬಾಲ್ ಆಟಗಾರ ಶಕೀಲ್ ಒನೀಲ್ ಅದನ್ನು ಕೊಂಡವರಲ್ಲೊಬ್ಬರು. ನೋಡಲು ಸೊಗಸು. ಸಿಲ್ಕ್ ಬೋರ್ಡಿನ ಬಳಿ ಟೈರು ಸೀಳಿದರೆ 36 ಇಂಚಿನ ಟೈರು ಎಲ್ಲಿಂದ ತರುತ್ತೀರಿ? ದಿನದ ಓಡಾಟದ ಸೈಕಲ್ಲಿಗೆ ನನ್ನ ಮೊದಲ ಪರೀಕ್ಷೆಯೇ ಇದು.

ಉದ್ದ ಕ್ರ್ಯಾಂಕಿನ ಸಲಹೆಗೆ ಸೂತ್ರದ ಬೆಂಬಲ ಇದೆ ನಿಜ. ಕಾಲಿನ ಅಳತೆಯ 21.6 ಪ್ರತಿಶತ ಅಂತ ಲೆಕ್ಕ ಹಾಕಿದರೆ ನಿಮಗೆ 203 ಮಿ.ಮೀ. ಬರುತ್ತದೆ, ಅಂಗಡಿಯಲ್ಲಿರುವುದು 170, 175. ಆದರೆ 2001ರಲ್ಲಿ ಪ್ರಕಟವಾದ ಅಧ್ಯಯನವೊಂದು 120ರಿಂದ 220 ಮಿ.ಮೀ.ವರೆಗಿನ ಕ್ರ್ಯಾಂಕುಗಳನ್ನು ಪರೀಕ್ಷಿಸಿದಾಗ ಅತಿ ಒಳ್ಳೆಯದಕ್ಕೂ ಅತಿ ಕೆಟ್ಟದ್ದಕ್ಕೂ ಶಕ್ತಿಯಲ್ಲಿ ಸಿಕ್ಕ ವ್ಯತ್ಯಾಸ 4 ಪ್ರತಿಶತದಷ್ಟು ಮಾತ್ರ. ನಮ್ಮ ರಸ್ತೆಯ ಅಪಾಯ ಬೇರೆಯೇ. ಕ್ರ್ಯಾಂಕ್ ತಿರುಗುವ ನಡುವಿನ ಅಚ್ಚು ನೆಲದಿಂದ 28 ಸೆಂ.ಮೀ. ಮೇಲಿದ್ದರೆ, 175ರ ಕ್ರ್ಯಾಂಕಿನಲ್ಲಿ ಪೆಡಲ್ಲಿನ ನಡು ನೆಲದಿಂದ 10.5 ಸೆಂ.ಮೀ.ವರೆಗೆ ಇಳಿಯುತ್ತದೆ, 200 ಆದರೆ 8ಕ್ಕೆ. ಅವೈಜ್ಞಾನಿಕ ಹಂಪುಗಳ ಊರಿನಲ್ಲಿ ಆ ಎರಡೂವರೆ ಸೆಂಟಿಮೀಟರು ಬೇಕು. 175ರಲ್ಲೇ ಇರಿ. ಉದ್ದ ಕ್ರ್ಯಾಂಕ್ ಬೇಕೇಬೇಕೆಂದರೆ ಪೆಡಲ್ ಅಚ್ಚನ್ನೇ ಎತ್ತರಿಸಿ ಕಟ್ಟಿದ ಫ್ರೇಮು ಬೇಕು. ಅಮೆರಿಕದ ಕೊಲೊರಾಡೊದ ಲೆನಾರ್ಡ್ ಝಿನ್, ತಾವೂ ನಿಮ್ಮಷ್ಟೇ ಎತ್ತರದವರು, ಅದನ್ನೇ ಮಾಡಿಕೊಡುತ್ತಾರೆ. ನಿಮ್ಮ ಓಡಾಟಕ್ಕೆ ಅಷ್ಟೆಲ್ಲ ಬೇಡ. ಪೆಡಲ್ ಮಾತ್ರ ಅಗಲವಾದದ್ದು ಹಾಕಿಸಿ, ಸಣ್ಣ ಪೆಡಲ್ಲಿನಲ್ಲಿ 12 ನಂಬರಿನ ಪಾದದ ಅರ್ಧ ಹೊರಗಿರುತ್ತದೆ.

ಬಟ್ಟೆಯ ವಿಷಯಕ್ಕೆ ಬಂದರೆ ನಿಮಗಿಂತ ಆ ಡಚ್ಚರೇ ಪಾಪ. ನಮ್ಮಲ್ಲಿ ಇನ್ನೂ ಬೀದಿಗೊಬ್ಬ ದರ್ಜಿ ಇದ್ದಾನೆ.

ಸಿದ್ಧ ಉಡುಪಿನಲ್ಲಿ ಎಕ್ಸ್‌ಎಲ್, ಡಬಲ್ ಎಕ್ಸ್‌ಎಲ್ ಅಂತ ಮೇಲೆ ಹೋದಂತೆ ಬೆಳೆಯುವುದು ಹೊಟ್ಟೆಯ ಸುತ್ತಳತೆ. ಉದ್ದ ಒಂದೆರಡು ಸೆಂಟಿಮೀಟರು ಹೆಚ್ಚಿದರೆ ಹೆಚ್ಚು. ಉದ್ದ ಸಾಲದ್ದಕ್ಕೆ ಮೂರು ಎಕ್ಸ್ ತೊಟ್ಟರೆ ಗಾಳಿಗೆ ಬಾವುಟವಾಗುತ್ತೀರಿ, ಕೆಳಗೆ ಸೊಂಟ ಬಯಲಾಗಿಯೇ ಇರುತ್ತದೆ. ಸೈಕಲ್ಲಿನ ಮೇಲೆ ಬಾಗಿದಾಗ ಬೆನ್ನು ಇನ್ನಷ್ಟು ಉದ್ದವಾಗುತ್ತದೆ, ತೋಳು ಮುಂದೆ ಚಾಚಿದಾಗ ತೋಳಿನ ತುದಿ ಮುಂಗೈ ಬಿಟ್ಟು ಓಡುತ್ತದೆ. ನಿಂತು ತೊಟ್ಟು ನೋಡುವ ಟ್ರಯಲ್ ರೂಮಿನ ಕನ್ನಡಿ ಇದನ್ನು ತೋರಿಸುವುದಿಲ್ಲ.

ಕಚೇರಿಗೆ ತೊಡುವ ಪ್ಯಾಂಟನ್ನು ಹೊಲಿಸಿಯೇಬಿಡಿ. ಬಟ್ಟೆ ಸ್ವಲ್ಪ ಲೈಕ್ರಾ ಬೆರೆತದ್ದು, ಎಳೆದರೆ ಹಿಗ್ಗುವಂಥದ್ದು. ದರ್ಜಿಗೆ ಮೂರು ಮಾತು ಹೇಳಿ. ಹಿಂದಿನ ಸೊಂಟಪಟ್ಟಿ ಮುಂದಿನದಕ್ಕಿಂತ 4-5 ಸೆಂ.ಮೀ. ಮೇಲಿರಲಿ. ತೊಡೆಸಂದಿಯಲ್ಲಿ ನಾಲ್ಕು ಹೊಲಿಗೆ ಒಂದೇ ಬಿಂದುವಿನಲ್ಲಿ ಕೂಡದೆ, ಪೈಜಾಮಕ್ಕೆ ಕೊಡುವ ಹಾಗೆ ಮಧ್ಯೆ ಚೌಕದ ತುಂಡು ಇರಲಿ. ಆ ತುಂಡಿನಿಂದ ಹೊಲಿಗೆ ಬಿಡುವುದೂ ತಪ್ಪುತ್ತದೆ, ಸೀಟಿನ ಮೇಲೆ ಚರ್ಮ ಉಜ್ಜುವುದೂ ತಪ್ಪುತ್ತದೆ. ಮೂರನೆಯದು, ಕಾಲಿನ ಉದ್ದವನ್ನು ಕುರ್ಚಿಯ ಮೇಲೆ ಕೂರಿಸಿ, ಮೊಣಕಾಲು ಮಡಚಿಸಿ ಅಳೆಯಲಿ. ಅಳತೆ ತೆಗೆಯುವಾಗ ದರ್ಜಿ ನಗುತ್ತಾನೆ, ಪರವಾಗಿಲ್ಲ. ಅಂಗಿಗೂ ಹಾಗೆಯೇ: ತೋಳು ಮುಂದೆ ಚಾಚಿ ಅಳತೆ, ಬೆನ್ನಿನಲ್ಲಿ ಎರಡು ಕಡೆ ಮಡಿಕೆ, ಹಿಂದಿನ ಅಂಚು ಮುಂದಿನದಕ್ಕಿಂತ ಉದ್ದ.

ಜೆರ್ಸಿಯನ್ನು ದರ್ಜಿ ಹೊಲಿಯಲಾರ, ಆದರೆ ಕ್ಲಬ್ಬುಗಳಿಗೆ ಬಣ್ಣಬಣ್ಣದ ಜೆರ್ಸಿ ಅಚ್ಚುಹಾಕಿ ಕೊಡುವ ಘಟಕಗಳು ಬೆಂಗಳೂರಿನಿಂದ ತಿರುಪ್ಪೂರಿನವರೆಗೆ ಬೇಕಾದಷ್ಟಿವೆ. ಯಾವುದಾದರೂ ಗುಂಪಿನ ಆರ್ಡರಿನ ಜೊತೆ ನಿಮ್ಮದೊಂದನ್ನು ಸೇರಿಸಿ, ಸುತ್ತಳತೆ ಎಲ್, ಉದ್ದಕ್ಕೆ 8 ಸೆಂ.ಮೀ. ಹೆಚ್ಚು ಅಂತ ಬರೆಸಿ. ಎಷ್ಟೋ ಕಡೆ ಹೆಚ್ಚಿನ ದುಡ್ಡು ಕೇಳದೆ ಮಾಡಿಕೊಡುತ್ತಾರೆ. ಪ್ಯಾಡ್ ಚಡ್ಡಿ ಕೊಳ್ಳುವಾಗ ಭುಜಕ್ಕೆ ಪಟ್ಟಿ ಬರುವ ಬಿಬ್ ಶಾರ್ಟ್ಸ್ ಬೇಡ. ಉದ್ದ ಮೈಯವರ ಭುಜವನ್ನು ಆ ಪಟ್ಟಿ ದಿನವಿಡೀ ಕೆಳಗೆ ಜಗ್ಗುತ್ತದೆ, ಪ್ಯಾಡು ಇರಬೇಕಾದ ಜಾಗ ಬಿಟ್ಟು ಮೇಲೇರುತ್ತದೆ. ಸೊಂಟದ ಎಲಾಸ್ಟಿಕ್ಕಿನದೇ ಸಾಕು.

ಹೆಲ್ಮೆಟ್ಟು ಕೊಳ್ಳುವ ಮುಂಚೆ ಹುಬ್ಬಿನ ಮೇಲಿನಿಂದ ತಲೆ ಸುತ್ತಳತೆ ತೆಗೆಯಿರಿ. 61 ಸೆಂ.ಮೀ. ದಾಟಿದರೆ ಎಕ್ಸ್‌ಎಲ್ಲೇ ಬೇಕು, 'ಸ್ವಲ್ಪ ಬಿಗಿ, ಆಮೇಲೆ ಸಡಿಲಾಗುತ್ತೆ' ಅನ್ನುವ ಮಾತು ನಂಬಬೇಡಿ, ಥರ್ಮೊಕೋಲು ಸಡಿಲಾಗುವುದಿಲ್ಲ. ದೊಡ್ಡ ಫ್ರೇಮಿನ ಮೇಲೆ ನೆಟ್ಟಗೆ ಕೂತಾಗ ನಿಮ್ಮ ನೆತ್ತಿ ನೆಲದಿಂದ ಎರಡು ಮೀಟರಿಗೆ ಬರುತ್ತದೆ. ಬೆಂಗಳೂರಿನ ಮರಗಳಿಂದ ಜೋತುಬಿದ್ದಿರುವ ಇಂಟರ್ನೆಟ್ ಕೇಬಲ್ಲುಗಳು ಉಳಿದವರ ತಲೆಯ ಮೇಲೆ ಹಾದುಹೋದರೆ ನಿಮ್ಮ ಕೊರಳಿಗೇ ಬರುತ್ತವೆ. ಕತ್ತಲಲ್ಲಿ ಫುಟ್‌ಪಾತಿಗೆ ಒತ್ತಿ ಓಡಿಸಬೇಡಿ. ಹಿಂದಿನ ಕೆಂಪು ದೀಪವನ್ನು ವಾಲಿದ ಸೀಟ್‌ಪೋಸ್ಟಿಗೆ ಕಟ್ಟಿದರೆ ಅದು ನೆಲದ ಕಡೆ ಮುಖಮಾಡಿರುತ್ತದೆ, ನೆಲಕ್ಕೆ ಸಮನಾಗಿ ತಿರುಗಿಸಿ. ಹೊಳೆಯುವ ಪಟ್ಟಿಯನ್ನು ಬೆನ್ನಿಗಿಂತ ಕಣಕಾಲಿಗೆ ಕಟ್ಟುವುದು ಮೇಲು. ಮೇಲೆ ಕೆಳಗೆ ಆಡುವ ಬೆಳಕನ್ನು ಹಿಂದಿನ ಚಾಲಕ ಬೇಗ ಗುರುತಿಸುತ್ತಾನೆ.

ಮಳೆಗೆ ಮೇಲಂಗಿ ಹಿಂದೆ ಬಾಲ ಉದ್ದವಿರುವುದು, ತೋಳಿನ ತುದಿ ಕಟ್ಟುವಂಥದ್ದು ಬೇಕು. ಹಳ್ಳಿಯ ಕಡೆ ತೊಡುವ ಗೊರಬಿನಾಕಾರದ ಪಾಂಚೊ ಬೇಡ, ಬಸ್ಸು ಪಕ್ಕದಲ್ಲಿ ಹಾದರೆ ಹಾಯಿಯ ಹಾಗೆ ಉಬ್ಬಿ ಎಳೆಯುತ್ತದೆ. ಪ್ಯಾಂಟಿಗೆ ಮೋಟರ್‌ಸೈಕಲ್ಲಿನ ರೇನ್‌ವೇರ್ ಅಂಗಡಿಯಲ್ಲಿ ಹುಡುಕಿ. ಬೂಟಿನ ಮೇಲೆ ತೊಡಲೆಂದು ಅವುಗಳನ್ನು ಉದ್ದವಾಗಿಯೇ ಮಾಡಿರುತ್ತಾರೆ. ಅದೂ ಮೊಣಕಾಲು ಮಡಚಿದಾಗ ಮೇಲೆ ಹೋದರೆ, ಚಾರಣಿಗರು ಮೀನಖಂಡಕ್ಕೆ ಕಟ್ಟುವ ಗೇಟರ್ ಒಂದು ಜೊತೆ ಕೊಂಡು ಪ್ಯಾಂಟಿನ ಒಳಗಿನಿಂದ, ಬೂಟಿನ ಮೇಲಿನಿಂದ ಬಿಗಿಯಿರಿ. ಮೇಲಿಂದ ಇಳಿದ ನೀರು ಪ್ಯಾಂಟಿನಿಂದ ಗೇಟರಿನ ಹೊರಮೈಗೆ ಬಂದು ಬೀಳಬೇಕು. ಗೇಟರನ್ನು ಪ್ಯಾಂಟಿನ ಹೊರಗೆ ಕಟ್ಟಿದರೆ ಹರಿದ ನೀರೆಲ್ಲ ಶೂ ಒಳಗೇ. 12 ನಂಬರಿಗೆ ಶೂ ಕವರು ಸಿಗುವುದು ಅಪರೂಪ, ಹಾಗಾಗಿ ಸೆಪ್ಟೆಂಬರ್, ಅಕ್ಟೋಬರಿನ ಸಂಜೆಮಳೆ ಮುಗಿಯುವವರೆಗೆ ಕಚೇರಿಯಲ್ಲಿ ಒಂದು ಜೊತೆ ಒಣ ಶೂ, ಕಾಲುಚೀಲ ಇಟ್ಟಿರಿ.